ಸಂದರ್ಶಕರ ಪುಸ್ತಕದಲ್ಲಿ ಇಲ್ಲದ ಮಾತು

ಮಂಗಳೂರಿನ ಹೊರವಲಯದ ಒಂದು ವೃದ್ಧಾಶ್ರಮಕ್ಕೆ ನಾವು ಮೊದಲ ಬಾರಿ ಹೋದದ್ದು ಊಟ ಹಂಚಲಿಕ್ಕೆ. ನೆಂಟರ ಮನೆಯೊಂದರ ನಿಕಾಹ್ ಮುಗಿದು ನೆಯ್‌ಚೋರು ಉಳಿದಿತ್ತು. ಹಾಳಾಗುವ ಮೊದಲು ಯಾರಾದರೂ ತಿನ್ನಲಿ ಎಂದು ಎರಡು ಪಾತ್ರೆ ಕಾರಿಗೆ ಹಾಕಿಕೊಂಡು ಹೊರಟೆವು. ಉಳಿದದ್ದನ್ನು ಕೊಂಡೊಯ್ದೆವು ಎಂಬುದನ್ನು ಇಲ್ಲಿ ಮುಚ್ಚಿಡುವ ಅಗತ್ಯವಿಲ್ಲ. ಇಂಥ ಮನೆಗಳಿಗೆ ನಮ್ಮೂರಿನ ಹೆಚ್ಚಿನವರು ಮೊದಲ ಬಾರಿ ಹೋಗುವುದೇ ಹೀಗೆ: ಮದುವೆಯ ಉಳಿಕೆ, ಮಗುವಿನ ಹುಟ್ಟುಹಬ್ಬ, ತಂದೆಯ ವರ್ಷಾಬ್ದಿ.

ಊಟ ಬಡಿಸುವಾಗ ಮೂಲೆಯ ಮಂಚದಲ್ಲಿದ್ದ ಒಬ್ಬ ತಾಯಿ ನಮ್ಮನ್ನು 'ಮೋನೇ' ಎಂದು ಕರೆದರು. ಬ್ಯಾರಿ ಮಾತನಾಡುವವರು ಅಲ್ಲಿ ಅವರೊಬ್ಬರೇ ಇದ್ದಂತೆ ತೋರಿತು. ತಲೆವಸ್ತ್ರವನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡಿದ್ದರು. 'ಏನು ಬೇಕು ಉಮ್ಮ?' ಎಂದು ಕೇಳಿದಾಗ ವಸ್ತ್ರವನ್ನು ಸ್ವಲ್ಪ ಸರಿಸಿ ತೋರಿಸಿದರು. ಕೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದರು. 'ನನ್ನನ್ನು ಕೇಳಲಿಲ್ಲ ಮೋನೇ' ಎಂದರು. ಆಮೇಲೆ, ಮಗಳಿಗೆ ಒಮ್ಮೆ ಫೋನ್ ಮಾಡಿಸಿಕೊಡು ಎಂದರು. ನಂಬರು ಆಫೀಸಿನಲ್ಲಿದೆಯಂತೆ, ಆಫೀಸಿನವರು ನಾಳೆ ಎನ್ನುತ್ತಾರಂತೆ. ನಾವು ಆಫೀಸಿಗೆ ಹೋಗಿ ಮೇಟ್ರನ್ ಬಳಿ ವಿಚಾರಿಸಿದೆವು. ಹೇನಿನ ಕಾಟ, ನೋಡಿಕೊಳ್ಳುವ ಹುಡುಗಿಯರು ಇಬ್ಬರೇ, ಇಷ್ಟು ಜನರ ತಲೆ ಬಾಚುವವರು ಯಾರು ಎಂದು ಅವರು ಕೇಳಿದರು. ಆ ಪ್ರಶ್ನೆಯೂ ಸುಳ್ಳಲ್ಲ. ಕೆಟ್ಟ ಹೆಂಗಸಲ್ಲ ಅವರು, ದಣಿದ ಹೆಂಗಸು. ಫೋನಿನ ವಿಷಯ ಎತ್ತುವಷ್ಟರಲ್ಲಿ ಅವರು ಸಂದರ್ಶಕರ ಪುಸ್ತಕ ಮುಂದಿಟ್ಟು ಪೆನ್ನು ಕೊಟ್ಟರು. ಹಿಂದಿನ ಪುಟಗಳಲ್ಲೆಲ್ಲ 'ದೇವರ ಕೆಲಸ', 'ನಿಸ್ವಾರ್ಥ ಸೇವೆ', 'ತುಂಬಾ ಶುಚಿಯಾಗಿದೆ'. ಕತೆ ಬರೆದು ನಾಲ್ಕು ಜನರಿಂದ ಲೇಖಕ ಎನಿಸಿಕೊಂಡ ನಾವು ಅದರ ಕೆಳಗೆ 'ಉತ್ತಮ ಸೇವೆ' ಎಂದು ಬರೆದು ಸಹಿ ಹಾಕಿ ಬಂದೆವು.

ಆ ಎರಡು ಪದಗಳು ಬಹಳ ದಿನ ನಮ್ಮನ್ನು ಬಿಡಲಿಲ್ಲ. ಆ ತಾಯಿಯ ದೂರನ್ನು ಕೇಳಬೇಕಾಗಿದ್ದವರು ಯಾರು? ನಾವಲ್ಲ, ನಾವು ಊಟ ಕೊಡಲು ಹೋದವರು. ಮೇಟ್ರನ್ ಅಲ್ಲ, ದೂರು ಇದ್ದದ್ದೇ ಅವರ ಮೇಲೆ. ಹಾಗಾದರೆ ಇಂಥ ಮನೆಯ ಬಾಗಿಲು ತಟ್ಟಿ ಒಳಗೆ ಬಂದು, ಮಂಚದ ಪಕ್ಕ ಕುಳಿತು 'ನಿಮಗೆ ಇಲ್ಲಿ ಹೇಗಿದೆ?' ಎಂದು ಕೇಳುವ ಅಧಿಕಾರ ಮತ್ತು ಕರ್ತವ್ಯ ಇರುವ ಮನುಷ್ಯ ನಮ್ಮ ನಾಡಿನಲ್ಲಿ ಎಂದಾದರೂ ಇದ್ದನೇ? ಈ ಪ್ರಶ್ನೆಯ ಬೆನ್ನುಹತ್ತಿ ಓದಿದ್ದನ್ನು ಓದುಗರೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ನಮ್ಮ ಊರಿನಿಂದಲೇ ಹೊರಡೋಣ. 1956ರ ತನಕ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ, ಆಮೇಲೆ ಮದರಾಸು ರಾಜ್ಯಕ್ಕೆ ಸೇರಿತ್ತು. ಇಂಗ್ಲಿಷರು ತಮ್ಮ ಕೋರ್ಟು, ಕಂದಾಯ, ಜೈಲುಗಳನ್ನು ಇಲ್ಲಿಗೆ ತಂದರು. ಆದರೆ ತಮ್ಮ ದೇಶದಲ್ಲಿದ್ದ ಬಡವರ ಕಾನೂನನ್ನು ತರಲಿಲ್ಲ. ಅಲ್ಲಿ ದಿಕ್ಕಿಲ್ಲದ ಮುದುಕರನ್ನು ಪೋಷಿಸುವುದು ಊರಿನ ತೆರಿಗೆಯ ಹೊಣೆಯಾಗಿತ್ತು. ಆ ಪೋಷಣೆ ಕ್ರೂರವಾಗಿತ್ತು ಎಂಬುದು ಬೇರೆ ಮಾತು. ಇಲ್ಲಿ ಅದು ಕುಟುಂಬದ್ದು, ಜಾತಿಯದು, ಮಠ ಮಸೀದಿ ಇಗರ್ಜಿಗಳದ್ದು ಎಂದು ಸರಕಾರ ಕೈತೊಳೆದುಕೊಂಡಿತು. 1848ರಲ್ಲಿ ಕಂಪೆನಿ ಸರಕಾರ ಆರಂಭಿಸಿದ ಆಸ್ಪತ್ರೆ ಮುಂದೆ ವೆನ್‌ಲಾಕ್ ಆಸ್ಪತ್ರೆಯಾಯಿತು. ಆದರೆ ಆಸ್ಪತ್ರೆಗೆ ರೋಗ ಬೇಕು. ಮುಪ್ಪು ರೋಗವಲ್ಲವಲ್ಲ!

ಆ ಜಾಗವನ್ನು ತುಂಬಿದವರು ಕ್ರೈಸ್ತ ಸನ್ಯಾಸಿಗಳು. 1878ರ ಕೊನೆಯ ದಿನ ಜೆಸುಯಿಟರು ಮಂಗಳೂರಿಗೆ ಬಂದಿಳಿದರು. ಅವರಲ್ಲೊಬ್ಬರಾದ ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಜೆಪ್ಪುವಿನಲ್ಲಿ ಸಂತ ಅಂತೋಣಿಯವರ ಹೆಸರಿನಲ್ಲಿ ಬಡವರ ಮನೆ ಹುಟ್ಟಿಕೊಂಡಿತು. ಅದು ಇಂದಿಗೂ ಅನಾಥರಿಗೂ ವೃದ್ಧರಿಗೂ ಆಸರೆಯಾಗಿದೆ. ಬೆಂಗಳೂರಿನಲ್ಲಿ 'ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್' ಎಂಬ ಫ್ರೆಂಚ್ ಮೂಲದ ಸನ್ಯಾಸಿನಿಯರು 1900ರಲ್ಲಿ ವೃದ್ಧರ ಮನೆ ತೆರೆದರು. ಮತ, ಜಾತಿ ಕೇಳದೆ ಮುದುಕರ ಮಲಮೂತ್ರ ಬಳಿದ ಇವರ ಬಗ್ಗೆ ಮಾತನಾಡುವಾಗ ನಮ್ಮಂಥವರ ನಾಲಿಗೆ ಸ್ವಲ್ಪ ತಗ್ಗಿರಬೇಕು.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಈ ಮನೆಗಳೆಲ್ಲ ನಡೆದದ್ದು ದಾನದಿಂದ. ಆದ್ದರಿಂದ ಅವು ಲೆಕ್ಕ ಒಪ್ಪಿಸಿದ್ದು ದಾನಿಗಳಿಗೆ ಮತ್ತು ತಮ್ಮ ಮೇಲಿನ ಗುರುಗಳಿಗೆ. ಒಳಗೆ ಮಲಗಿದ್ದವನು ಲೆಕ್ಕ ಕೇಳುವವರ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ನಮ್ಮ ಕಡೆಯೂ ಇದಕ್ಕಿಂತ ಭಿನ್ನವೇನಲ್ಲ. ದರ್ಗಾಗಳ ಅಂಗಳದಲ್ಲಿ, ಮಸೀದಿಗಳ ಮುಸಾಫಿರ್‌ಖಾನೆಗಳಲ್ಲಿ ಎಷ್ಟೋ ದಿಕ್ಕಿಲ್ಲದ ಮುದುಕರು ಕೊನೆಯ ದಿನಗಳನ್ನು ಕಳೆದಿದ್ದಾರೆ. ವಕ್ಫ್ ಕಾನೂನು ಮುತವಲ್ಲಿಯಿಂದ ಆಸ್ತಿಯ ಲೆಕ್ಕ, ಬಾಡಿಗೆಯ ಲೆಕ್ಕ ಕೇಳುತ್ತದೆ. ಅಂಗಳದಲ್ಲಿ ಚಾಪೆ ಹಾಸಿದವನಿಗೆ ರಾತ್ರಿ ಹೊದಿಕೆ ಸಿಕ್ಕಿತೇ ಎಂದು ಅದು ಕೇಳುವುದಿಲ್ಲ.

ಹಿಂದೆ ಇಂಥ ಮನೆಗಳ ಅಗತ್ಯ ಕಡಿಮೆಯಿತ್ತು ಎಂಬುದೂ ನಿಜ. ತುಳುನಾಡಿನ ಅಳಿಯಸಂತಾನದ ದೊಡ್ಡ ಮನೆಗಳಲ್ಲಿ ಮುದುಕಿಗೆ ಜಾಗ ಹುಡುಕಬೇಕಾಗಿರಲಿಲ್ಲ, ಮನೆಯೇ ಅವಳ ಹೆಸರಿನಿಂದ ನಡೆಯುತ್ತಿತ್ತು. ಬ್ಯಾರಿಗಳಲ್ಲಿಯೂ ಅಳಿಯನೇ ಮನೆಗೆ ಬರುವ ರೂಢಿ ಇದ್ದ ಕಡೆ ತಾಯಿ ಮಗಳ ಜೊತೆಗೇ ಮುಪ್ಪಾಗುತ್ತಿದ್ದಳು. 1949ರ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ತೆರೆಯಿತು. 1974ರ ಭೂಸುಧಾರಣೆ ಗೇಣಿಯ ಭತ್ತದ ಮೇಲೆ ನಿಂತಿದ್ದ ದೊಡ್ಡ ಮನೆಗಳ ಅಡಿಗಲ್ಲನ್ನು ಸರಿಸಿತು. ಒಕ್ಕಲಿಗೆ ನ್ಯಾಯ ಸಿಕ್ಕಿದ ಆ ಕಾನೂನನ್ನು ನಾವು ದೂರುವುದಿಲ್ಲ. ಅದೇ ದಶಕದಲ್ಲಿ ಗಲ್ಫಿನ ಬಾಗಿಲು ತೆರೆಯಿತು. ಮಗ ದಮ್ಮಾಮಿನಲ್ಲಿ, ಇನ್ನೊಬ್ಬ ದುಬೈಯಲ್ಲಿ, ಮಗಳು ಗಂಡನ ಜೊತೆ ಬೆಂಗಳೂರಿನಲ್ಲಿ. ಮಾರ್ಬಲ್ ಹಾಕಿದ ಮನೆಯಲ್ಲಿ ಒಬ್ಬ ತಾಯಿ ಮತ್ತು ಒಂದು ಫೋನು. ಆ ಫೋನೂ ಸಾಲದಾದಾಗ ವೃದ್ಧಾಶ್ರಮ.

ಈ ಪದವೇ ಒಂದು ಮುಸುಕು. ಆಶ್ರಮವೆಂದರೆ ಮನುಷ್ಯ ತಾನಾಗಿ ಬಿಟ್ಟು ಹೋಗುವ ಜಾಗ. ಇಲ್ಲಿ ಮನುಷ್ಯನನ್ನು ಬಿಟ್ಟು ಬರುತ್ತಾರೆ. ಇಂಗ್ಲಿಷಿನಲ್ಲಿ 'ನರ್ಸಿಂಗ್ ಹೋಮ್' ಎಂದರೆ ಆರೈಕೆ ಬೇಕಾದ ಮುದುಕರ ಮನೆ. ನಮ್ಮಲ್ಲಿ ಹಾಗೆಂದರೆ ಹೆರಿಗೆಗೋ ಹರ್ನಿಯಾ ಆಪರೇಷನ್ನಿಗೋ ಹೋಗುವ ಚಿಕ್ಕ ಖಾಸಗಿ ಆಸ್ಪತ್ರೆ. ಇದು ಬರೀ ಮಾತಿನ ಗೊಂದಲವಲ್ಲ. ಕರ್ನಾಟಕದಲ್ಲಿ ಖಾಸಗಿ ನರ್ಸಿಂಗ್ ಹೋಮ್‌ಗಳ ನಿಯಂತ್ರಣಕ್ಕೆ 1976ರಲ್ಲಿಯೇ ಕಾನೂನು ಬಂತು, 2007ರಲ್ಲಿ ಅದರ ಜಾಗಕ್ಕೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಬಂತು. ಎರಡು ದಿನ ಮಲಗುವ ಆಸ್ಪತ್ರೆಗೆ ನೋಂದಣಿ, ತಪಾಸಣೆ ಎಲ್ಲ ಉಂಟು. ಹತ್ತು ವರ್ಷ ಮಲಗುವ ಮನೆಯನ್ನು ಈ ಕಾನೂನು ಮಾಡಿದವರು ನೆನೆಯಲೂ ಇಲ್ಲ.

ಒಳಗೆ ಹೋಗಿ ನೋಡುವ ಅಧಿಕಾರಿ ಎಂಬ ಕಲ್ಪನೆ ನಮಗೆ ಪಶ್ಚಿಮದಿಂದಲೇ ಬರಬೇಕಾಗಿರಲಿಲ್ಲ. ಉರ್ದು ಶಾಲೆಯಲ್ಲಿ ಕಲಿತವರಿಗೆ 'ಮುಹ್ತಸಿಬ್' ಎಂಬ ಪದ ಗೊತ್ತು, ಆದರೆ ಗಝಲ್‌ಗಳ ಮೂಲಕ ಮಾತ್ರ. ಅಲ್ಲಿ ಅವನು ಕುಡುಕರ ಬಟ್ಟಲು ಒಡೆಯುವ ಅರಸಿಕ ಖಳನಾಯಕ. ಕವಿಗಳು ಆ ಪಾಪದವನಿಗೆ ದೊಡ್ಡ ಅನ್ಯಾಯ ಮಾಡಿದ್ದಾರೆ. ಚರಿತ್ರೆಯ ಮುಹ್ತಸಿಬ್ ಪೇಟೆಯ ಪರಿವೀಕ್ಷಕ. ಹನ್ನೆರಡನೆಯ ಶತಮಾನದಲ್ಲಿ ಸಿರಿಯಾದ ಅಲ್ ಶೈಝರಿ ಈ ಅಧಿಕಾರಿಗಳಿಗಾಗಿ ಬರೆದ ಕೈಪಿಡಿಯಲ್ಲಿ ರೊಟ್ಟಿ ಮಾಡುವವರು, ಕಟುಕರು, ಔಷಧಿ ಮಾರುವವರು, ವೈದ್ಯರು, ಮಕ್ಕಳಿಗೆ ಕಲಿಸುವ ಉಸ್ತಾದರು ಎಲ್ಲರ ಕೆಲಸವನ್ನೂ ಹೇಗೆ ನೋಡಬೇಕು ಎಂಬುದಿದೆ. 1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಯ ವಕ್ಫ್ ಪತ್ರ ಬಡವ ಬಲ್ಲಿದ, ಊರವ ಪರವೂರವ ಎನ್ನದೆ ಎಲ್ಲರಿಗೂ ಬಾಗಿಲು ತೆರೆಯಿತು, ಮೇಲ್ವಿಚಾರಣೆಗೆ ನಾಝಿರ್ ಎಂಬವನನ್ನು ಗೊತ್ತುಮಾಡಿತು. ಇನ್ನೂ ಹತ್ತಿರದ ಉದಾಹರಣೆ ಇಸ್ತಾಂಬುಲಿನ ದಾರುಲ್ ಅಜಝಾ. 1896ರಲ್ಲಿ ಸುಲ್ತಾನ್ ಅಬ್ದುಲ್ ಹಮೀದರ ಕಾಲದಲ್ಲಿ ಮುದುಕರಿಗೆ, ಅಂಗವಿಕಲರಿಗೆ, ಅನಾಥ ಮಕ್ಕಳಿಗೆ ತೆರೆದ ಈ ಮನೆಯ ಆವರಣದಲ್ಲಿ ಮಸೀದಿಯೂ ಚರ್ಚೂ ಯಹೂದಿಗಳ ಸಿನಗಾಗ್ ಕೂಡ ಇವೆ. ಸಾಯುವ ಹೊತ್ತಿನಲ್ಲಿ ಯಾರೂ ತನ್ನದಲ್ಲದ ಪ್ರಾರ್ಥನೆ ಕೇಳುತ್ತಾ ಸಾಯಬೇಕಾಗಿಲ್ಲ ಎಂಬ ವ್ಯವಸ್ಥೆ ಅದು. ಒಬ್ಬ ನಿವಾಸಿಯ ಹಕ್ಕು ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಇಷ್ಟಾದರೂ ಮುಹ್ತಸಿಬ್ ತಕ್ಕಡಿಯನ್ನು ನೋಡಿದನೇ ಹೊರತು ಮಂಚದಲ್ಲಿದ್ದವನ ಮಾತನ್ನು ದಾಖಲಿಸಿದನೆಂದು ನಾವು ಹೇಳಲಾರೆವು. ಆ ಪಾಠವನ್ನು ಜಗತ್ತು ಕಲಿತದ್ದು ಬಹಳ ತಡವಾಗಿ, ಹಗರಣಗಳ ಮೂಲಕ. ಇಂಗ್ಲೆಂಡಿನಲ್ಲಿ 1927ರಲ್ಲಿಯೇ ಇಂಥ ಮನೆಗಳ ನೋಂದಣಿ ಕಾನೂನು ಬಂತು, ಸ್ಥಳೀಯ ಆಡಳಿತಕ್ಕೆ ಒಳಹೊಕ್ಕು ನೋಡುವ ಅಧಿಕಾರ ಬಂತು. 1948ರಲ್ಲಿ ಹಳೆಯ ಬಡವರ ಕಾನೂನು ರದ್ದಾಯಿತು. ಎಲ್ಲ ಸರಿಹೋಯಿತು ಎಂದು ಜನ ನಂಬಿದರು. ಹತ್ತು ವರ್ಷಗಳ ನಂತರ ಪೀಟರ್ ಟೌನ್‌ಸೆಂಡ್ ಎಂಬ ಸಮಾಜಶಾಸ್ತ್ರಜ್ಞ 173 ವೃದ್ಧರ ಮನೆಗಳಿಗೆ ತಾನೇ ಹೋಗಿ ನೋಡಿ, ನಿವಾಸಿಗಳೊಂದಿಗೆ ಮಾತನಾಡಿ, 1962ರಲ್ಲಿ 'ದಿ ಲಾಸ್ಟ್ ರೆಫ್ಯೂಜ್' ಎಂಬ ಪುಸ್ತಕ ಬರೆದರು. ಹಳೆಯ ಬಡವರ ಜೈಲುಗಳೇ ಹೊಸ ಬೋರ್ಡು ಹಾಕಿಕೊಂಡು ನಿಂತಿದ್ದವು. 1967ರಲ್ಲಿ ಬಾರ್ಬರಾ ರಾಬ್ ಎಂಬ ಮಹಿಳೆ ಮಾನಸಿಕ ಆಸ್ಪತ್ರೆಗಳಲ್ಲಿ ಬಿದ್ದಿದ್ದ ಮುದುಕಿಯರ ಸ್ಥಿತಿಯನ್ನು ಪುಸ್ತಕವಾಗಿ ಹೊರತಂದರು. ಅಲ್ಲಿ ಅವರ ಕನ್ನಡಕ, ಕಟ್ಟುಹಲ್ಲು, ಕಿವಿಯ ಯಂತ್ರಗಳನ್ನು ತೆಗೆದಿಡುತ್ತಿದ್ದರಂತೆ. ನೋಡದ, ಕೇಳದ, ಅಗಿಯಲಾರದ ಮುದುಕಿ ತಕರಾರು ಮಾಡುವುದಾದರೂ ಹೇಗೆ? ನಮ್ಮ ಮೂಲೆಯ ಮಂಚದ ತಾಯಿಯ ಕೂದಲು ನೆನಪಾಗುತ್ತದೆ. ಕ್ರೌರ್ಯವೆಂದರೆ ಹೊಡೆತವೇ ಆಗಬೇಕಾಗಿಲ್ಲ. ಕೆಲಸ ಹಗುರವಾಗಲಿ ಎಂದು ಮಾಡಿಕೊಂಡ ಒಂದು ಏರ್ಪಾಡೂ ಕ್ರೌರ್ಯವೇ.

ಅಮೆರಿಕದ ದಾರಿ ಇನ್ನೊಂದು ಬಗೆಯದು. 1965ರ ನಂತರ ಸರಕಾರದ ಹಣ ವೃದ್ಧರ ಆರೈಕೆಗೆ ಹರಿಯತೊಡಗಿತು, ಅದರ ಹಿಂದೆಯೇ ವ್ಯಾಪಾರಿಗಳು ಬಂದರು, ಅವರ ಹಿಂದೆ ಹಗರಣಗಳು. ಕೊನೆಗೆ 1987ರಲ್ಲಿ ಬಂದ ಕಾನೂನು ಮೂರು ಕೆಲಸ ಮಾಡಿತು. ಪರಿವೀಕ್ಷಕರು ಮುನ್ಸೂಚನೆ ಕೊಡದೆ ಬರಬೇಕು, ಯಾವ ಮನೆಯೂ 15 ತಿಂಗಳಿಗಿಂತ ಹೆಚ್ಚು ಕಾಲ ನೋಡದೆ ಉಳಿಯಬಾರದು, ತಪಾಸಣೆಯ ದಿನವನ್ನು ಮೊದಲೇ ತಿಳಿಸಿದವನಿಗೆ ದಂಡ. ಎರಡನೆಯದು, ಕಟ್ಟಿಹಾಕುವುದರಿಂದ ಮತ್ತು ಅನುಕೂಲಕ್ಕಾಗಿ ಮತ್ತಿನ ಮಾತ್ರೆ ಕೊಡುವುದರಿಂದ ನಿವಾಸಿಗೆ ರಕ್ಷಣೆ. ಮೂರನೆಯದನ್ನು ನಾವು ಎಲ್ಲಕ್ಕಿಂತ ದೊಡ್ಡದೆಂದು ತಿಳಿಯುತ್ತೇವೆ: ದೂರು ಕೊಟ್ಟದ್ದಕ್ಕೆ ಸೇಡು ತೀರಿಸಿಕೊಳ್ಳುವಂತಿಲ್ಲ. ಏಕೆಂದರೆ ಈ ದೂರು ಬೇರೆ ದೂರುಗಳ ಹಾಗಲ್ಲ. ಅಂಗಡಿಯವನ ಮೇಲೆ ದೂರು ಕೊಟ್ಟವನು ಮನೆಗೆ ಹೋಗಿ ಮಲಗಬಹುದು. ಇಲ್ಲಿ ದೂರು ಕೊಟ್ಟವನು ದೂರಿಸಿಕೊಂಡವನ ಕೈಯಿಂದಲೇ ರಾತ್ರಿಯ ಗಂಜಿ ಕುಡಿಯಬೇಕು. ಆ ದೇಶದಲ್ಲಿ ಇಂದಿಗೂ ಕೆಟ್ಟ ಮನೆಗಳಿವೆ. ಆದರೆ ಯಾವ ಮನೆ ಕೆಟ್ಟದ್ದು ಎಂಬುದನ್ನು ಪರಿವೀಕ್ಷಕರ ವರದಿ ತೆರೆದು ಓದಬಹುದು.

ನಮ್ಮ ದೇಶಕ್ಕೆ ಬರೋಣ. 1956ರಲ್ಲಿ ಮಹಿಳೆಯರ ಮತ್ತು ಮಕ್ಕಳ ಸಂಸ್ಥೆಗಳಿಗೆ ಪರವಾನಗಿ ಕೊಡುವ ಕಾಯಿದೆ ಬಂತು. 1960ರಲ್ಲಿ ಅನಾಥಾಲಯಗಳ ಮತ್ತು ಇತರ ಧರ್ಮಾರ್ಥ ಮನೆಗಳ ಮೇಲ್ವಿಚಾರಣೆಯ ಕಾಯಿದೆ ಬಂತು. ಅದರಲ್ಲಿಯೂ 'ಮನೆ' ಎಂದರೆ ಹೆಂಗಸರ ಮತ್ತು ಮಕ್ಕಳ ಮನೆ. ಮುದುಕ ಎಂಬ ಪ್ರಾಣಿಯ ಉಲ್ಲೇಖವೇ ಇಲ್ಲ. ತಲಪಾಡಿಯ ಗಡಿ ದಾಟಿದರೆ ಕೇರಳದವರು ಇದೇ ಕಾಯಿದೆಯ ಅನಾಥಾಲಯ ನಿಯಂತ್ರಣ ಮಂಡಳಿಯ ಮೂಲಕ ವೃದ್ಧರ ಮನೆಗಳನ್ನೂ ನೋಂದಾಯಿಸಿಕೊಂಡರು. ಮನಸ್ಸಿದ್ದರೆ ಹಳೆಯ ಕಾನೂನಿನಲ್ಲಿಯೂ ದಾರಿ ಇದೆ ಎಂಬುದಕ್ಕೆ ಮಂಜೇಶ್ವರಕ್ಕಿಂತ ದೂರ ಹೋಗಬೇಕಾಗಿಲ್ಲ.

ಇಲ್ಲಿ ಒಂದು ಕಹಿಯಾದ ಘಟನೆಯನ್ನು ನಾವೇ ಹೇಳಬೇಕು, ಬೇರೆಯವರು ಹೇಳಿದರೆ ನಮಗೆ ಕೋಪ ಬರುತ್ತದೆ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿ ದರ್ಗಾಕ್ಕೆ ಮನೋರೋಗಿಗಳನ್ನು ಎಲ್ಲ ಮತದವರೂ ತಂದು ಬಿಡುತ್ತಿದ್ದರು. ಅವರನ್ನು ಇಟ್ಟುಕೊಳ್ಳಲು ದರ್ಗಾದ ಸುತ್ತ ಖಾಸಗಿ ಮನೆಗಳು ಹುಟ್ಟಿಕೊಂಡವು. 2001ರ ಆಗಸ್ಟ್ 6ರ ಮುಂಜಾನೆ ಅಂಥ ಒಂದು ಚಪ್ಪರದ ಮನೆಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಓಡಲಾಗಲಿಲ್ಲ. 28 ಮಂದಿ ಸತ್ತರು. 1987ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಇಂಥ ಮನೆಗಳಿಗೆ ಪರವಾನಗಿ ಬೇಕಿತ್ತು. ವರ್ಷಗಟ್ಟಲೆ ಯಾರೂ ಹೋಗಿ ಕೇಳಿರಲಿಲ್ಲ. ಸರಕಾರ ದರ್ಗಾದ ವಿಷಯಕ್ಕೆ ಕೈಹಾಕಲು ಅಂಜಿತು, ದರ್ಗಾಕ್ಕೆ ಬರುವವರು ಇದು ಭಕ್ತಿಯ ವಿಷಯವೆಂದು ಕಣ್ಣು ಮುಚ್ಚಿದರು, ಕುಟುಂಬಗಳು ಮಾನ ಉಳಿಯಿತೆಂದು ಹಿಂತಿರುಗಿ ನೋಡಲಿಲ್ಲ. ಈ ಮೂರೂ ಸೇರಿದ ಕಡೆ ಎಲ್ಲಿಯಾದರೂ ಇದು ನಡೆಯಬಹುದು.

ಏರ್ವಾಡಿಯ ಬೆಂಕಿಯ ನಂತರ ಸುಪ್ರೀಂ ಕೋರ್ಟ್ ಮಧ್ಯೆ ಬಂತು, ಮುಂದೆ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಬಂತು. ಅದನ್ನು ಓದುತ್ತಿರುವಾಗ ನಾವು ಒಂದು ಕಡೆ ನಿಂತುಬಿಟ್ಟೆವು. ಮನೋರೋಗಿಯ ತಲೆ ಬೋಳಿಸಲು ಒತ್ತಾಯಿಸುವಂತಿಲ್ಲ, ಅವನಿಗೆ ತನ್ನ ಬಟ್ಟೆ ಉಡುವ ಹಕ್ಕಿದೆ, ಫೋನಿನಲ್ಲಿ ಮಾತನಾಡುವ, ಭೇಟಿಗೆ ಬಂದವರನ್ನು ಕಾಣುವ ಹಕ್ಕಿದೆ, ಸರಪಳಿ ನಿಷಿದ್ಧ. ಸಂಸ್ಥೆ ನೋಂದಾಯಿಸಿಕೊಳ್ಳಬೇಕು, ಮೂರು ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯಂಥ ತಪಾಸಣೆ ನಡೆಯಬೇಕು, ದೂರು ಕೇಳಲು ಪುನರ್ವಿಮರ್ಶಾ ಮಂಡಳಿ ಇರಬೇಕು. ಎಲ್ಲ ಕಡೆ ಇದು ಜಾರಿಯಾಗಿದೆ ಎಂದಲ್ಲ. ಆದರೆ ಕಾಗದದ ಮೇಲಾದರೂ ಇದೆ. ನಮ್ಮ ಮೂಲೆಯ ಮಂಚದ ತಾಯಿಗೆ ಬುದ್ಧಿ ನೆಟ್ಟಗಿತ್ತು. ಬುದ್ಧಿ ನೆಟ್ಟಗಿದ್ದುದರಿಂದಲೇ ಅವರ ಕೂದಲಿಗೆ, ಅವರ ಫೋನಿಗೆ ಈ ಯಾವ ರಕ್ಷಣೆಯೂ ಇರಲಿಲ್ಲ!

ಹಾಗಾದರೆ ಹಿರಿಯರಿಗಾಗಿಯೇ ಬಂದ 2007ರ ಕಾಯಿದೆ ಏನು ಹೇಳುತ್ತದೆ? ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಈ ಕಾಯಿದೆಯನ್ನು ನಮ್ಮ ಪತ್ರಿಕೆಗಳು ಮಕ್ಕಳಿಗೆ ಚಾಟಿ ಎಂದು ಬಣ್ಣಿಸಿದವು. ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಯ ತನಕ ಕೊಡಿಸಬಹುದು. ನಮ್ಮ ಜಿಲ್ಲೆಯಲ್ಲಿ ಮಂಗಳೂರು, ಪುತ್ತೂರು ಉಪವಿಭಾಗಗಳ ಸಹಾಯಕ ಕಮಿಷನರುಗಳ ಮುಂದೆ ಇಂಥ ಅರ್ಜಿಗಳು ಬರುತ್ತವೆ, ವಕೀಲರಿಲ್ಲದೆ ವಾದಿಸಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ವರ್ಗಾವಣೆಯನ್ನು ರದ್ದು ಮಾಡಲು 23ನೆಯ ಕಲಮು ಇದೆ. ಈ ಷರತ್ತು ಇತ್ತೆಂದು ತೋರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2025ರ ಆರಂಭದ ಇನ್ನೊಂದು ತೀರ್ಪಿನಲ್ಲಿ ಈ ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ನಮ್ಮವರಿಗೆ ಇಲ್ಲಿ ಒಂದು ಕಿವಿಮಾತು: ನಮ್ಮಲ್ಲಿ ಹಿಬಾ ಬಾಯಿಮಾತಿನಲ್ಲಿಯೂ ನಡೆಯುತ್ತದೆ. ಬಾಯಲ್ಲಿ ಕೊಟ್ಟ ಆಸ್ತಿಗೆ ಬಾಯಲ್ಲಿ ಹಾಕಿದ ಷರತ್ತನ್ನು ಯಾರು ಸಾಕ್ಷಿ ಹೇಳುತ್ತಾರೆ? ಕಾಗದದಲ್ಲಿ ಬರೆಸುವುದು ಮಕ್ಕಳ ಮೇಲಿನ ಅಪನಂಬಿಕೆಯಲ್ಲ.

ವೃದ್ಧರ ಮನೆಗಳ ವಿಷಯ ಇರುವುದು 19ನೆಯ ಕಲಮಿನಲ್ಲಿ. ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ಬಡ ಹಿರಿಯರಿಗೆ ಸಾಕಾಗುವ ಮನೆಗಳನ್ನು ರಾಜ್ಯ ಸರಕಾರ ಸ್ಥಾಪಿಸ'ಬಹುದು'. ಸ್ಥಾಪಿಸ'ಬೇಕು' ಎಂದಿಲ್ಲ. ಕನ್ನಡದಲ್ಲಿ ಎರಡಕ್ಷರದ ವ್ಯತ್ಯಾಸ, ಅದರೊಳಗೆ ಒಂದು ಇಡೀ ಪೀಳಿಗೆ ಜಾರಿ ಹೋಗಿದೆ. ಇಂಥ ಮನೆಗಳು ಹೇಗಿರಬೇಕೆಂದು ಕೇಂದ್ರದ ಮಾದರಿ ನಿಯಮಗಳು ವಿವರವಾಗಿಯೇ ಹೇಳಿವೆ: ಮಲಗುವ ಕೋಣೆಯಲ್ಲಿ ತಲೆಗೆ 7.5 ಚದರ ಮೀಟರ್, ಅಡುಗೆಮನೆ, ಊಟದ ಕೋಣೆ ಸೇರಿ ತಲೆಗೆ 12 ಚದರ ಮೀಟರ್ ಜಾಗ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಸತಿ, ಅಂಗವಿಕಲರಿಗೆ ತಕ್ಕ ಪಾಯಿಖಾನೆ, ಕಾಯಿಲೆಯವರಿಗೆ ಪ್ರತ್ಯೇಕ ಕೋಣೆ, ಪತ್ರಿಕೆ, ಟಿ.ವಿ., ಫೋನು. ಆದರೆ ಇದು ಈ ಕಲಮಿನ ಅಡಿಯಲ್ಲಿ ಸರಕಾರ ಸ್ಥಾಪಿಸುವ ಮನೆಗಳಿಗೆ. ಟ್ರಸ್ಟು ನಡೆಸುವ, ತಿಂಗಳ ಹಣ ಪಡೆದು ನಡೆಸುವ ಖಾಸಗಿ ಮನೆಗಳನ್ನು ನೋಂದಾಯಿಸಬೇಕು, ಇಷ್ಟು ತಿಂಗಳಿಗೊಮ್ಮೆ ನೋಡಬೇಕು ಎಂಬ ಮಾತು 2007ರ ಕಾಯಿದೆಯಲ್ಲಿ ಇಲ್ಲ. ಅನುದಾನ ಪಡೆಯುವ ಮನೆಗಳಿಗೆ ಇಲಾಖೆಯವರು ಹೋಗುತ್ತಾರೆ. ಅವರು ನೋಡುವುದು ಹಾಜರಿ, ಬಿಲ್ಲು, ವೋಚರು. ಅದೂ ದಾನಿಯ ಲೆಕ್ಕವೇ, ಇಲ್ಲಿ ದಾನಿ ಸರಕಾರ ಅಷ್ಟೆ.

ಕೇಂದ್ರದ ಮಾಜಿ ಕಾನೂನು ಮಂತ್ರಿ ಅಶ್ವನಿ ಕುಮಾರ್ ಹೂಡಿದ ಮೊಕದ್ದಮೆಯಲ್ಲಿ 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಯಾವ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಮಾಹಿತಿಯನ್ನು ರಾಜ್ಯಗಳಿಂದ ಪಡೆಯುವಂತೆ ಕೇಂದ್ರಕ್ಕೆ ಆದೇಶಿಸಿತು. ಕಾನೂನು ಬಂದು ಹನ್ನೊಂದು ವರ್ಷಗಳ ಮೇಲೆ ಎಣಿಸಿರಿ ಎಂಬ ಆದೇಶ! 2011ರ ಜನಗಣತಿಯಲ್ಲಿ ದೇಶದಲ್ಲಿ ಅರವತ್ತು ದಾಟಿದವರು 10.38 ಕೋಟಿ ಎಂದು ಎಣಿಸಿದ್ದೆವು, ಅವರನ್ನು ಇಟ್ಟ ಮನೆಗಳನ್ನು ಎಣಿಸಿರಲಿಲ್ಲ. 2019ರ ಡಿಸೆಂಬರಿನಲ್ಲಿ ಒಂದು ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಅದರಲ್ಲಿ ನಾವು ಕೇಳುತ್ತಿರುವುದರಲ್ಲಿ ಬಹುಪಾಲು ಇತ್ತು, ಹಿರಿಯರ ಮನೆಗಳಿಗೆಲ್ಲ ನೋಂದಣಿ, ಕನಿಷ್ಠ ಗುಣಮಟ್ಟ. ಅದು ಸ್ಥಾಯಿ ಸಮಿತಿಗೆ ಹೋಯಿತು, 2021ರಲ್ಲಿ ವರದಿ ಬಂತು, 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ಅದಕ್ಕಾಗಿ ಯಾವ ಊರಿನಲ್ಲಿಯೂ ಒಂದು ಮೆರವಣಿಗೆ ಹೊರಟದ್ದನ್ನು ನಾವು ಕಾಣಲಿಲ್ಲ.

ಈ ನಡುವೆ ಕೊರೋನಾ ಬಂತು. ಹೊರಗಿನವರು ಬರಬಾರದೆಂದು ಬಾಗಿಲು ಮುಚ್ಚಿದಾಗ ವೃದ್ಧಾಶ್ರಮಗಳಿಗೆ ಇದ್ದ ಒಂದೇ ಒಂದು ಕಣ್ಣೂ, ಅಂದರೆ ಊಟ ಕೊಡಲು ಹೋಗುವ ನಮ್ಮಂಥವರ ಕಣ್ಣೂ, ಮುಚ್ಚಿತು. 2021ರ ಎರಡನೆಯ ಅಲೆಯಲ್ಲಿ ಬೆಳ್ತಂಗಡಿ ತಾಲೂಕಿನ ನೆರಿಯದ ಒಂದು ಆಶ್ರಮದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿದ ಸುದ್ದಿ ಬಂದಾಗ ಜಿಲ್ಲೆಯ ಜನ ಬೆಚ್ಚಿದರು. ಅಷ್ಟು ಜನ ಒಂದೇ ಕಡೆ ಇದ್ದಾರೆಂಬುದೇ ಹಲವರಿಗೆ ಹೊಸ ಸಂಗತಿಯಾಗಿತ್ತು. 2023ರ ಹೊಸ ವರ್ಷದ ದಿನ ದೆಹಲಿಯ ಗ್ರೇಟರ್ ಕೈಲಾಶ್‌ನ ಒಂದು ವೃದ್ಧರ ಆರೈಕೆಯ ಮನೆಗೆ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ಸತ್ತರು. ಅದು ಬಡವರ ಮನೆಯಲ್ಲ, ಹಣವಂತರ ಬಡಾವಣೆ.

ಮಂಗಳೂರಿನಲ್ಲಿ ಒಬ್ಬ ಪರಿವೀಕ್ಷಕ ನಾಳೆ ನೇಮಕವಾದನೆಂದೇ ಇಟ್ಟುಕೊಳ್ಳೋಣ. ಅವನು ಮೊದಲೇ ಫೋನ್ ಮಾಡಿ ಬಂದರೆ ಆ ದಿನ ಹಾಸಿಗೆಯ ಬಟ್ಟೆ ಬಿಳಿಯಾಗಿರುತ್ತದೆ. ಮೇಟ್ರನ್ ಜೊತೆಯಲ್ಲೇ ನಡೆದು ಬಂದರೆ ಎಲ್ಲರೂ ಸುಖವಾಗಿರುತ್ತಾರೆ. ಅವನಿಗೆ ಕನ್ನಡ ಮಾತ್ರ ಬಂದರೆ ಇನ್ನೂ ಕಷ್ಟ. ಈ ಊರಿನ ಒಂದು ಕೋಣೆಯ ಆರು ಮಂಚಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಉರ್ದು ಮಲಗಿರಬಹುದು. ಮರೆವಿನ ಕಾಯಿಲೆ ಬಂದವರು ಆಮೇಲೆ ಕಲಿತ ಭಾಷೆಯನ್ನು ಮೊದಲು ಮರೆಯುವುದುಂಟು, ತಾಯಿಯ ಮಾತು ಕೊನೆಯ ತನಕ ಉಳಿಯುವುದುಂಟು. ಆ ಉಮ್ಮ ನಮ್ಮನ್ನು ಕರೆದದ್ದು ನಾವು ಒಳ್ಳೆಯವರೆಂದಲ್ಲ, ಅಡುಗೆಯವನಿಗೆ ನಾವು ಬ್ಯಾರಿಯಲ್ಲಿ ಏನೋ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು.

ಇನ್ನು ನಾಚಿಕೆಯ ವಿಷಯ. ನಮ್ಮ ಸಮುದಾಯದಲ್ಲಿ ತಂದೆತಾಯಿಯ ಹಕ್ಕುಗಳ ಬಗ್ಗೆ ಖುತ್ಬಾ ಕೇಳದ ಮಗನಿಲ್ಲ. ಆದ್ದರಿಂದ ತಾಯಿಯನ್ನು ವೃದ್ಧಾಶ್ರಮದಲ್ಲಿ ಬಿಟ್ಟವನು ಅದನ್ನು ಯಾರಿಗೂ ಹೇಳುವುದಿಲ್ಲ. ನೆರೆಯವರು ಕೇಳಿದರೆ ಅಕ್ಕನ ಮನೆಯಲ್ಲಿದ್ದಾರೆ ಎನ್ನುತ್ತಾನೆ. ಯಾರಾದರೂ ಕಂಡಾರು ಎಂದು ನೋಡಲು ಹೋಗುವುದನ್ನೂ ನಿಲ್ಲಿಸುತ್ತಾನೆ. ನೋಡಲು ಬರುವವರಿಲ್ಲದ ಮಂಚ ಯಾವುದು ಎಂಬುದು ನೋಡಿಕೊಳ್ಳುವವರಿಗೆ ಒಂದು ತಿಂಗಳೊಳಗೆ ಗೊತ್ತಾಗಿಬಿಡುತ್ತದೆ. ವೃದ್ಧಾಶ್ರಮ ಪಾಪ ಎಂದು ಸಾರುವ ಭಾಷಣ ಆ ತಾಯಿಯನ್ನು ಮನೆಗೆ ತಂದಿಲ್ಲ, ಅವಳನ್ನು ಕಾಣಲು ಹೋಗುವವರನ್ನು ಮಾತ್ರ ಕಡಿಮೆ ಮಾಡಿದೆ. ಈ ಮಾತಿಗೆ ಕೆಲವು ಹಿರಿಯ ಮಿತ್ರರು ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ, ಆದರೆ ಒಮ್ಮೆ ಹೋಗಿ ನೋಡಿ ಬಂದು ಮುನಿಸಿಕೊಳ್ಳಲಿ. ಜಮಾಅತುಗಳು ಮದುವೆಯ ರಿಜಿಸ್ಟರು ಇಡುತ್ತವೆ, ಮಯ್ಯತ್ತಿನ ರಿಜಿಸ್ಟರು ಇಡುತ್ತವೆ. ತನ್ನ ಮೊಹಲ್ಲಾದ ಯಾವ ಯಾವ ಹಿರಿಯರು ಯಾವ ಯಾವ ಮನೆಗಳಲ್ಲಿದ್ದಾರೆ ಎಂಬ ಇನ್ನೊಂದು ಪುಸ್ತಕ ಇಟ್ಟು, ತಿಂಗಳಿಗೊಮ್ಮೆ ಇಬ್ಬರು ಹೆಂಗಸರನ್ನು ಕಳುಹಿಸಲು ಯಾವ ಕಾನೂನೂ ಬೇಕಾಗಿಲ್ಲ. ಹಿರಿಯರಿಗಾಗಿ 14567 ಎಂಬ ದೇಶವ್ಯಾಪಿ ಸಹಾಯವಾಣಿ 2021ರಿಂದ ಇದೆ. ಆದರೆ ಅದಕ್ಕೆ ಕರೆ ಮಾಡಲು ಮೊದಲು ಕೈಗೊಂದು ಫೋನು ಸಿಗಬೇಕಲ್ಲ.

ನಾವು ಎರಡನೆಯ ಬಾರಿ ಆ ಮನೆಗೆ ಊಟದ ಪಾತ್ರೆ ಇಲ್ಲದೆ ಹೋದೆವು. ಗೇಟಿನವನಿಗೆ ಅದು ವಿಚಿತ್ರವಾಗಿ ಕಂಡಿತು, ಏನು ತಂದಿದ್ದೀರಿ ಎಂದು ಎರಡು ಸಲ ಕೇಳಿದ. ಉಮ್ಮನ ಬಳಿ ಅರ್ಧ ಗಂಟೆ ಕುಳಿತೆವು. ಮೇಟ್ರನ್ ಬಳಿ ನಂಬರು ಕೇಳಿ ಪಡೆದು ನಮ್ಮ ಮೊಬೈಲಿನಿಂದ ಮಗಳಿಗೆ ಕರೆ ಮಾಡಿಕೊಟ್ಟೆವು. ಇಬ್ಬರೂ ಬಹಳ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ ಉಮ್ಮ ಮಳೆಗಾಲದ ಉಪ್ಪಿನಕಾಯಿಯ ಬಗ್ಗೆ ಕೇಳಿದರು. ಹೊರಡುವಾಗ ಪುಸ್ತಕ ಮುಂದೆ ಬಂತು. ಈ ಸಲ ನಾವು ಬರೆದೆವು: 'ಮೂಲೆಯ ಮಂಚದವರಿಗೆ ಕೂದಲು ಬೆಳೆಸಬೇಕೆಂದಿದೆ. ಕತ್ತರಿಸುವ ಮೊದಲು ಕೇಳಬೇಕಂತೆ. ವಾರಕ್ಕೊಮ್ಮೆ ಮಗಳೊಂದಿಗೆ ಮಾತನಾಡಬೇಕಂತೆ.' ಮೇಟ್ರನ್ ಓದಿದರು, ಏನೂ ಹೇಳಲಿಲ್ಲ. ಮೂರು ತಿಂಗಳ ಮೇಲೆ ಹೋದಾಗ ಉಮ್ಮನ ಕೂದಲು ಕಿವಿಯ ತನಕ ಬಂದಿತ್ತು. ಸಂದರ್ಶಕರ ಪುಸ್ತಕ ಮಾತ್ರ ಹೊಸದಾಗಿತ್ತು.